ಕತ್ತರಿಸಿದ ಶಿವದಾರ

ಭಾನುವಳ್ಳಿ
22 ಆಗಸ್ಟ್ 2024

ಅಪ್ಪಾಜಿಯವರಿಗೆ ವಾಣಿ ಮಾಡುವ ಶರಣುಗಳು.

ಆರು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ. ನಾನು ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅವ್ವನಿಗೆ ಮಾಡಿದರೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟುತ್ತಾಳೆ, ಅರ್ಧ ನೀರಿನ ಸದ್ದೇ ಕೇಳಿಸುತ್ತದೆ. ಕಾಗದವನ್ನು ಮಾತ್ರ ನೀವು ಓದದೆ ಬಿಡುವವರಲ್ಲ. ಮಂಡಿಯಲ್ಲಿದ್ದಾಗ ಬಂದ ಕಾರ್ಡಿಗೆಲ್ಲ ಉತ್ತರ ಬರೆದ ಮೇಲೇ ಅಂಗಡಿ ಬಾಗಿಲು ಹಾಕುತ್ತಿದ್ದಿರಿ.

ನಿಮ್ಮ ಗೆಳೆಯ ಕುಬೇರಪ್ಪ ಕಾಕ ಆಸ್ಪತ್ರೆಯವರನ್ನು ಬೈಯುತ್ತಾ ಓಡಾಡುತ್ತಿದ್ದಾರಂತೆ. ಶಿವಮೂರ್ತಪ್ಪನವರಂಥ ನಿಷ್ಠಾವಂತರ ಕೊರಳಿನ ಲಿಂಗ ತೆಗೆದು ಅಪಚಾರ ಮಾಡಿದರು ಎಂದು ವಿನೋಬನಗರದ ಪ್ರಾರ್ಥನಾ ಮಂದಿರದಲ್ಲಿ ಎದ್ದು ನಿಂತು ಹೇಳಿದರಂತೆ. ಅವರಿಗೆ ತಿಳಿಸಿಬಿಡಿ. ತೆಗೆದದ್ದು ಡಾಕ್ಟರಲ್ಲ, ನರ್ಸಲ್ಲ, ನಾನು.

ನಿಮಗೆ ಎದೆನೋವು ಬಂದ ಹೊತ್ತಿಗೆ ನಾನು ಹರಿಹರದ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಮಾಡುತ್ತಿದ್ದೆ. ತಮ್ಮ ನಾಗಭೂಷಣ ಹುಬ್ಬಳ್ಳಿಗೆ ಹೋಗಿದ್ದನಲ್ಲ, ಅವ್ವ ದಿಕ್ಕು ತೋಚದೆ ನನಗೆ ಫೋನ್ ಮಾಡಿದಳು. ನಾನು ದಾವಣಗೆರೆ ಮುಟ್ಟುವ ಹೊತ್ತಿಗೆ ನಿಮ್ಮನ್ನು ಮಲಗಿಸಿ ಆಗಿತ್ತು, ಪ್ರಜ್ಞೆ ಇರಲಿಲ್ಲ. ಲಿಂಗವಿರುವ ಬೆಳ್ಳಿ ಕರಡಿಗೆ ಎದೆಯ ಚಿತ್ರಕ್ಕೆ ಅಡ್ಡ ಬರುತ್ತದೆ, ತೆಗೆದುಕೊಳ್ಳಿ, ಹೊತ್ತಿಲ್ಲ ಎಂದರು ಡಾಕ್ಟರು. ಅವ್ವ ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದಳು. "ಲಿಂಗ ತೆಗೆದ್ರೆ ಅವ್ರು ಇರಾಕಿಲ್ಲ. ನಾ ಮುಟ್ಟಲ್ಲ" ಎಂದಳು. ನಾನು ಗಂಟು ಬಿಚ್ಚಲು ನೋಡಿದೆ. ಬೆವರು, ವಿಭೂತಿ ಕೂಡಿ ಅದು ಕಲ್ಲಾಗಿತ್ತು. ಕತ್ತರಿ ಕೇಳಿದೆ. ಶಿವದಾರ ಕತ್ತರಿಸಿದೆ. ಅದಕ್ಕೆ ಈಗ ಅಳುವುದೂ ಇಲ್ಲ, ಕ್ಷಮೆ ಕೇಳುವುದೂ ಇಲ್ಲ.

ಒಂದು ನಾಳವನ್ನು ಅವತ್ತೇ ಬಿಡಿಸಿದರು. ಇನ್ನು ಮೂರು ಕಟ್ಟಿಕೊಂಡಿವೆ, ಎರಡು ಮೂರು ತಿಂಗಳೊಳಗೆ ಎದೆ ತೆರೆದು ಬೈಪಾಸ್ ಮಾಡಲೇಬೇಕು ಅಂದಿದ್ದಾರೆ. ನೀವು ಆಗುವುದಿಲ್ಲ ಅಂದಿದ್ದೀರಿ. ಎದೆ ತೆರೆಯುವಾಗ ಲಿಂಗ ಅಲ್ಲಿ ಇರಲಾಗದು, ಲಿಂಗವಿಲ್ಲದೆ ನಾನಿರೆ, ಇದು ನಿಮ್ಮ ಮಾತಂತೆ. ಅಪ್ಪಾಜಿ, ಒಂದು ಸಲ ಲಿಂಗ ತೆಗೆದೂ ನೀವು ಇದ್ದೀರಿ. ಈ ಕಾಗದವನ್ನು ಓದುತ್ತಿದ್ದೀರಿ.

ಲಿಂಗ ನನ್ನಲ್ಲಿ ಭದ್ರವಾಗಿದೆ. ಆಪರೇಷನ್‌ಗೆ ಒಪ್ಪಿ ಉತ್ತರ ಬರೆಯಿರಿ.

ವಾಣಿ


ದೇವರಾಜ ಅರಸು ಬಡಾವಣೆ, ದಾವಣಗೆರೆ
30 ಆಗಸ್ಟ್ 2024

ವಾಣಿಗೆ,

ಕಾಗದ ತಲುಪಿತು. ಸಂಗತಿ ತಿಳಿಯಿತು.

ನೀನು ಆ ಹುಡುಗನನ್ನು ಮದುವೆಯಾಗಿ ಮನೆ ಬಿಟ್ಟ ದಿನ ಅಂಗೈ ಮೇಲಿನ ಲಿಂಗದ ಮೇಲೆ ಆಣೆ ಮಾಡಿ ನಿನ್ನೊಂದಿಗೆ ಮಾತಿಲ್ಲ ಎಂದಿದ್ದೆ. ಬರೆಯುವುದಿಲ್ಲ ಎಂದಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಆಣೆಗೆ ಭಂಗವಿಲ್ಲ.

ಲಿಂಗ ಎಂಬುದು ಗಡಿಯಾರವಲ್ಲ, ಉಂಗುರವಲ್ಲ. ಬೇಕಾದಾಗ ಹಾಕಿ ಬೇಡವಾದಾಗ ಬಿಚ್ಚುವ ವಸ್ತುವಲ್ಲ. ಎಂಟನೇ ವಯಸ್ಸಿಗೆ ನನಗೆ ಅದನ್ನು ಕಟ್ಟಿದರು. ಅಂದಿನಿಂದ ಪೂಜೆಯಾಗದೆ ಒಂದು ಗುಟುಕು ನೀರು ಕುಡಿದವನಲ್ಲ. ರೈಲಿನಲ್ಲಿ ಮಾಡಿದ್ದೇನೆ, ಲಾರಿಯ ಮೇಲೆ ಮೂಟೆಗಳ ನಡುವೆ ಕೂತು ಮಾಡಿದ್ದೇನೆ, ನೀನು ಹುಟ್ಟಿದ ದಿನ ಹೆರಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾಡಿದ್ದೇನೆ. ನಿನಗೆ ಇದೆಲ್ಲ ಕಲಿಸಿದ್ದೆ. ನಿನ್ನ ಲಿಂಗ ಈಗ ಎಲ್ಲಿದೆಯೋ ನಾನು ಕೇಳುವುದಿಲ್ಲ.

ಕಳೆದ ಶ್ರಾವಣ ಸೋಮವಾರ ಅಯ್ಯನವರು ಮನೆಗೆ ಬಂದು ಶಾಂತಿ ಮಾಡಿಸಿ ನನಗೆ ಹೊಸ ಲಿಂಗ ಕಟ್ಟಿದರು. ಕುಬೇರಪ್ಪನೇ ನಿಂತು ಎಲ್ಲ ವ್ಯವಸ್ಥೆ ಮಾಡಿದ. ಒಂದು ಸಲ ಅಂಗದಿಂದ ಬೇರೆಯಾದ ಹಳೆಯ ಲಿಂಗವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ನೀನು ದಿನವೂ ಹರಿಹರಕ್ಕೆ ಬರುವವಳು. ಸೇತುವೆಯ ಕೆಳಗೆ ಇಳಿದು ತುಂಗಭದ್ರೆಗೆ ಬಿಟ್ಟುಬಿಡು. ಮೊಣಕಾಲುದ್ದ ನೀರಿರುವಲ್ಲಿ ಬಿಡಬೇಡ, ಹುಡುಗರ ಕೈಗೆ ಸಿಗುತ್ತದೆ.

ಆಪರೇಷನ್ ವಿಚಾರ ಮುಗಿದಿದೆ. ಅದರ ಬಗ್ಗೆ ಬರೆಯುವುದು ಬೇಡ.

ಶಿವಮೂರ್ತಪ್ಪ


ಭಾನುವಳ್ಳಿ
5 ಸೆಪ್ಟೆಂಬರ್ 2024

ಅಪ್ಪಾಜಿಯವರಿಗೆ ಶರಣುಗಳು.

ಲಿಂಗವನ್ನು ಹೊಳೆಗೆ ಬಿಡುವುದಿಲ್ಲ. ಮೊದಲು ಇದನ್ನು ಹೇಳಿ ಮುಂದೆ ಬರೆಯುತ್ತೇನೆ, ನೀವು ಕೊನೆಯವರೆಗೂ ಆಸೆ ಇಟ್ಟುಕೊಂಡು ಓದುವುದು ಬೇಡ.

ಅದು ಎಲ್ಲಿದೆ ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ನಮ್ಮತ್ತೆ ರಂಗವ್ವನ ದೇವರ ಗೂಡಿನಲ್ಲಿದೆ. ನಾನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೆ. ಏನನ್ನೋ ಹುಡುಕುವಾಗ ಅತ್ತೆಯ ಕಣ್ಣಿಗೆ ಬಿತ್ತು. ಏನಿದು ಎಂದರು. ಅಪ್ಪಾಜಿಯವರ ಲಿಂಗ ಎಂದೆ. ಅವರ ಮುಖ ನೀವು ನೋಡಬೇಕಿತ್ತು. ದೇವರನ್ನು ಸೀರೆ ಅಡಿ ಮುಚ್ಚಿಟ್ಟಿದ್ದೀಯಲ್ಲ, ನಿನಗೆ ಓದು ಕಲಿಸಿದವರು ಯಾರು ಎಂದು ನನ್ನನ್ನು ಚೆನ್ನಾಗಿ ಬೈದು, ಕರಡಿಗೆಗೆ ಕುಂಕುಮ ಇಟ್ಟು, ಆಂಜನೇಯನ ಪಟದ ಪಕ್ಕದಲ್ಲಿ ಕೂರಿಸಿದರು. ಈಗ ದಿನ ಬೆಳಗ್ಗೆ ಎಮ್ಮೆ ಹಿಂಡಿದ ಕೂಡಲೇ ಮೊದಲ ಲೋಟ ಅದಕ್ಕೆ. ಅದು ಹಾಗಲ್ಲ ಅತ್ತೆ, ಅದನ್ನು ಕಟ್ಟಿಕೊಂಡವರೇ ಅಂಗೈ ಮೇಲೆ ಇಟ್ಟು ಪೂಜೆ ಮಾಡಬೇಕು ಎಂದು ಹೇಳಿ ನೋಡಿದೆ. ಅವರು ಲೋಟ ಕೆಳಗಿಡಲಿಲ್ಲ.

"ಬೀಗರ ದೇವ್ರು ಕಣವ್ವ. ನಮ್ಮನ್ಯಾಗೆ ಉಪಾಸ ಇರಬಾರ್ದು. ಅವ್ರಂತೂ ಆರು ವರ್ಷದಿಂದ ಹೊಸ್ತಿಲು ತುಳೀಲಿಲ್ಲ, ಅವ್ರ ದೇವ್ರಾದ್ರೂ ಬಂದೈತೆ."

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ನಿಮ್ಮ ದೇವರಿಗೆ ಈ ಮನೆಯಲ್ಲಿ ಸಿಕ್ಕ ಮರ್ಯಾದೆ ಈ ಮನೆಯವರಿಗೆ ನಿಮ್ಮ ಮನೆಯಲ್ಲಿ ಸಿಕ್ಕಿಲ್ಲ. ನನ್ನ ಗಂಡ ಯೋಗರಾಜ ಅವತ್ತು ಆಸ್ಪತ್ರೆಯ ಗೇಟಿನ ಹತ್ತಿರ ಬೈಕಿನ ಮೇಲೇ ಕೂತಿದ್ದ, ನೀವು ಐಸಿಯುನಿಂದ ಹೊರಬರುವವರೆಗೆ. ಒಳಗೆ ಬಾ ಎಂದರೆ ಬರಲಿಲ್ಲ. ಎಚ್ಚರವಾಗಿ ತನ್ನನ್ನು ನೋಡಿ ನಿಮಗೆ ಮತ್ತೆ ಏನಾದರೂ ಆದರೆ ಎಂದ.

ಆಪರೇಷನ್ ವಿಚಾರ ಮುಗಿದಿಲ್ಲ. ನೀವು ಬೇಡ ಎಂದರೂ ಪ್ರತಿ ಕಾಗದದಲ್ಲಿ ಬರೆಯುತ್ತೇನೆ.

ವಾಣಿ


ದಾವಣಗೆರೆ
11 ಸೆಪ್ಟೆಂಬರ್ 2024

ವಾಣಿಗೆ,

ನಿನ್ನ ಕಾಗದ ಓದಿ ರಕ್ತದೊತ್ತಡ ಏರಿತು. ನಿನ್ನ ಅವ್ವ ಕಾಗದ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳು. ಇವತ್ತು ಹುಡುಕಿ ತೆಗೆದು ಮತ್ತೊಮ್ಮೆ ಓದಿ ಬರೆಯುತ್ತಿದ್ದೇನೆ.

ಇಷ್ಟಲಿಂಗ ಗೂಡಿನಲ್ಲಿ ಕೂರುವ ದೇವರಲ್ಲ. ಒಂದು ಅಂಗಕ್ಕೆ ಒಂದು ಲಿಂಗ. ಅದಕ್ಕೆ ಹಾಲಿಡುವವರು, ಕುಂಕುಮ ಹಚ್ಚುವವರು ಬೇರೆ ಯಾರೂ ಆಗಬಾರದು. ನಿನ್ನ ಅತ್ತೆ ತಿಳಿಯದೆ ಮಾಡಿದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಳಿದವಳು ನೀನು. ಎದುರಿಗೆ ನಿಂತು ನೋಡುತ್ತಿದ್ದೀಯ. ನನ್ನ ಮೇಲಿನ ಹಗೆಯನ್ನು ಲಿಂಗದ ಮೇಲೆ ತೀರಿಸಿಕೊಳ್ಳುತ್ತಿದ್ದೀಯ ಎಂದೇ ನನಗೆ ಕಾಣುತ್ತದೆ.

ಧರ್ಮ ಎಂದರೆ ಕಟ್ಟುಪಾಡು. ನಿಮ್ಮ ಪೀಳಿಗೆಗೆ ಈ ಮಾತು ಹಿಡಿಸುವುದಿಲ್ಲ. ದೇವರು ಮನಸ್ಸಿನಲ್ಲಿದ್ದರೆ ಸಾಕು, ಆಚಾರ ಯಾಕೆ ಎನ್ನುತ್ತೀರಿ. ಮನಸ್ಸಿನಲ್ಲಿ ಏನು ನಿಂತೀತು? ನನ್ನ ಮನಸ್ಸು ಮಂಡಿಯಲ್ಲಿ ದಿನಕ್ಕೆ ಹತ್ತು ಸಲ ಸುಳ್ಳಿನ ಕಡೆ ವಾಲುತ್ತಿತ್ತು. ಎದೆ ಮೇಲೆ ಈ ಭಾರ ಇದ್ದದ್ದಕ್ಕೆ ವಾಪಸ್ಸು ಬರುತ್ತಿತ್ತು. ಕಟ್ಟು ಬಿಚ್ಚಿದ ಮೇಲೆ ಮನುಷ್ಯನಲ್ಲಿ ಉಳಿಯುವುದೇನು, ನೀನೇ ಹೇಳು.

ಆಪರೇಷನ್ ಹೊತ್ತಿನಲ್ಲಿ ತೋಳಿಗೆ ಕಟ್ಟಿಕೊಳ್ಳಬಹುದು, ಎಷ್ಟೋ ಜನ ಹಾಗೆ ಮಾಡುತ್ತಾರೆ ಎಂದು ನಾಗಭೂಷಣ ಹೇಳಿದ. ತಲೆದಿಂಬಿನ ಪಕ್ಕ ಇಡಬಹುದು ಎಂದು ಇನ್ನೊಬ್ಬರು ಹೇಳಿದರು. ನಿಯಮದಲ್ಲಿ ಸಂದು ಹುಡುಕುವವನು ನಾನಲ್ಲ.

ಇನ್ನೊಂದು ವಿಚಾರ. ಇದನ್ನು ಸಮಾಧಾನದಿಂದ ಓದು. ನಾನು ಆಣೆ ಮಾಡಿದ್ದು ಆ ಹಳೆಯ ಲಿಂಗದ ಮೇಲೆ. ಅದನ್ನು ಶಾಸ್ತ್ರೋಕ್ತವಾಗಿ ನೀರಿಗೆ ಬಿಟ್ಟರೆ ಅದರ ಮೇಲೆ ಮಾಡಿದ ಆಣೆಯೂ ತೀರುತ್ತದೆ ಎಂದು ಅಯ್ಯನವರು ಹೇಳಿದರು. ನಾನೇ ಕೇಳಿದೆ. ನೀನು ಬಿಟ್ಟು ಬಂದರೆ, ಮಾರನೆ ದಿನ ನಾನು ಫೋನ್ ಎತ್ತುತ್ತೇನೆ.

ಶಿವಮೂರ್ತಪ್ಪ


ಭಾನುವಳ್ಳಿ
16 ಸೆಪ್ಟೆಂಬರ್ 2024

ಅಪ್ಪಾಜಿ,

ನಿಮ್ಮ ಕೊನೆಯ ಸಾಲುಗಳನ್ನು ಓದಿ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದೆ. ಸುಳ್ಳು ಹೇಳುವುದಿಲ್ಲ. ಗೂಡಿನಿಂದ ಕರಡಿಗೆ ತೆಗೆದು ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದ್ದೆ. ಸೇತುವೆಯ ಹತ್ತಿರ ಇಳಿದು ಮೆಟ್ಟಿಲವರೆಗೂ ಹೋದೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಬಿಟ್ಟಿದ್ದರೆ ಹುಡುಗರ ಕೈಗೆ ಖಂಡಿತ ಸಿಗುತ್ತಿರಲಿಲ್ಲ.

ನೀರಿನಲ್ಲಿ ಕಾಲಿಟ್ಟು ನಿಂತಾಗ ಸಿಟ್ಟು ನೆತ್ತಿಗೇರಿತು. ಆರು ವರ್ಷ ನನ್ನ ಜೊತೆ ಮಾತಾಡದಿರಲು ನಿಮಗೆ ದೇವರು ಬೇಕಾಯಿತು. ಈಗ ಮಾತಾಡಲೂ ದೇವರ ಅಪ್ಪಣೆಯೇ ಬೇಕೇ? ನಡುವೆ ನೀವು ಎಲ್ಲಿದ್ದೀರಿ? ನಿಮಗೆ ಮಗಳ ಜೊತೆ ಮಾತಾಡಬೇಕು ಅನ್ನಿಸಿದೆ, ಅದನ್ನು ಅಯ್ಯನವರ ಹತ್ತಿರ ಕೇಳಿ ದಾರಿ ಮಾಡಿಸಿಕೊಂಡಿದ್ದೀರಿ. ನಿಯಮದಲ್ಲಿ ಸಂದು ಹುಡುಕುವುದಿಲ್ಲ ಎಂದು ಬರೆದಿದ್ದೀರಿ. ಮಾತಾಡೆನು ಎಂದು ಆಣೆ ಮಾಡಿ ಕಾಗದ ಬರೆಯುವುದು ಏನು ಹಾಗಾದರೆ? ಸಾಯುವ ವಿಷಯಕ್ಕೆ ಮಾತ್ರ ನಿಮಗೆ ಸಂದು ಬೇಡ. ಬೇರೆಲ್ಲದಕ್ಕೂ ಬೇಕು.

ಲಿಂಗವನ್ನು ವಾಪಸ್ಸು ತಂದೆ. ಅತ್ತೆ ಎಲ್ಲಿಗೆ ಕರೆದುಕೊಂಡು ಹೋಗಿದ್ದೆ ಅದನ್ನ ಎಂದು ಜಗಳ ತೆಗೆದರು. ಅವತ್ತಿನ ಹಾಲು ಮಧ್ಯಾಹ್ನ ಕೊಟ್ಟರು.

ಆಣೆ ನೀರಿನಲ್ಲಿ ಕರಗುವುದು ನನಗೆ ಬೇಡ. ನೀವು ಮಾಡಿದ್ದು, ನೀವೇ ಮುರಿಯಬೇಕು. ತಪ್ಪು ಮಾಡಿದೆ ಎಂದು ಗೊತ್ತಿದ್ದು, ಪಾಪ ಬರುವುದಿದ್ದರೆ ಬರಲಿ ಎಂದು ಹೇಳಿ ಮುರಿಯಬೇಕು. ಅಷ್ಟು ಧೈರ್ಯ ಇಲ್ಲದಿದ್ದರೆ ಫೋನ್ ಎತ್ತುವುದು ಬೇಡ. ಶಾಸ್ತ್ರದ ಕೃಪೆಯಿಂದ ವಾಪಸ್ಸು ಬರುವ ಅಪ್ಪ ನನಗೆ ಬೇಡ.

ನಾನು ಪೂಜೆ ಮಾಡುವವಳಲ್ಲ. ನನ್ನ ಲಿಂಗ ಬೀರುವಿನಲ್ಲಿದೆ, ನೀವು ಕೇಳದಿದ್ದರೂ ಹೇಳುತ್ತೇನೆ. ಕಟ್ಟು ಬಿಚ್ಚಿದ ಮೇಲೆ ಉಳಿಯುವುದೇನು ಎಂದು ಕೇಳಿದ್ದೀರಿ. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಬಿಚ್ಚಿ ನೋಡುವ ಧೈರ್ಯ ನಿಮಗಿಲ್ಲ, ಅದಕ್ಕೆ ನಿಷ್ಠೆ ಎಂದು ಹೆಸರಿಟ್ಟುಕೊಂಡಿದ್ದೀರಿ.

ಆಪರೇಷನ್‌ಗೆ ಒಪ್ಪಿ.

ವಾಣಿ


ದಾವಣಗೆರೆ
9 ಅಕ್ಟೋಬರ್ 2024

ಚಿ. ವಾಣಿಗೆ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯದಂತೆ ಬರೆದ ಕೂಡಲೇ ನಾನೇ ಡಬ್ಬಕ್ಕೆ ಹಾಕಿ ಬರುತ್ತೇನೆ. ಅಂಚೆ ಡಬ್ಬದವರೆಗೆ ನಡೆಯಲು ಈಗ ಎರಡು ಕಡೆ ಕೂರಬೇಕಾಗುತ್ತದೆ. ನಿನ್ನ ಅವ್ವನಿಗೆ ಹೇಳಬೇಡ, ಅವಳು ಮೊದಲೇ ಹೆದರಿದ್ದಾಳೆ.

ನನಗೆ ಧೈರ್ಯವಿಲ್ಲ ಎಂದು ನೀನು ಬರೆದೆ. ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಮೊದಲ ದಿನ ಕಾಗದವನ್ನು ಮುದುರಿ ಎಸೆದೆ. ನಾಲ್ಕನೇ ದಿನ ಎತ್ತಿಕೊಂಡೆ.

ಆಸ್ಪತ್ರೆಯಲ್ಲಿ ಏನಾಯಿತು ಎಂದು ಯಾರಿಗೂ ಹೇಳಿಲ್ಲ. ನಿನ್ನ ಅವ್ವನಿಗೂ ಹೇಳಿಲ್ಲ. ನನಗೆ ಎಚ್ಚರವಾದಾಗ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಕೈಯಲ್ಲಿ ಸೂಜಿ ಇತ್ತು, ಬಾಯಿ ಒಣಗಿತ್ತು. ಗಂಜಿ ಕೊಟ್ಟರು, ಕುಡಿದೆ. ಚೆನ್ನಾಗಿತ್ತು. ಉಪ್ಪಿನಕಾಯಿ ಇದೆಯಾ ಎಂದು ಕೇಳಿದೆ, ಕೊಡುವುದಿಲ್ಲ ಎಂದರು. ಮಾರನೆ ದಿನವೂ ಹಾಗೇ. ಮೂರನೇ ದಿನ ಕುಬೇರಪ್ಪ ಬಂದ. ನನ್ನ ಎದೆ ನೋಡಿ ಅವನ ಮುಖ ಬಿಳಿಚಿತು.

"ಶಿವಮೂರ್ತಿ, ಲಿಂಗ ಎಲ್ಲೈತೋ?" ಎಂದ.

ಅವನು ಕೇಳುವವರೆಗೆ ನನಗೆ ಗೊತ್ತಿರಲಿಲ್ಲ ವಾಣಿ. ಎದೆ ಬರಿದಾಗಿತ್ತು, ನನಗೆ ತಿಳಿದಿರಲಿಲ್ಲ. ಪೂಜೆ ಇಲ್ಲದೆ ಉಂಡಿದ್ದೆ, ಉಪ್ಪಿನಕಾಯಿ ಬೇರೆ ಕೇಳಿದ್ದೆ. ಅರವತ್ತು ವರ್ಷದ ಮೇಲಿನ ನಿಷ್ಠೆ ಎಂದು ಊರೆಲ್ಲ ಕೊಂಡಾಡಿದ್ದು ಎರಡು ದಿನ ಇಲ್ಲದೆ ಹೋಗಿತ್ತು, ನನ್ನ ಮೈಗೂ ಗೊತ್ತಾಗಲಿಲ್ಲ, ಮನಸ್ಸಿಗೂ ಗೊತ್ತಾಗಲಿಲ್ಲ. ಜೀವವೇ ಹೋದಂತೆ ಆಗಬೇಕಿತ್ತು. ನಿಜ ಹೇಳಬೇಕೆಂದರೆ ಹಗುರವಾಗಿದ್ದೆ.

ನೀನು ದಾರ ಕತ್ತರಿಸಿದ್ದಕ್ಕೆ ಸಿಟ್ಟು ಬಂದದ್ದಲ್ಲ. ನಿನ್ನ ಮೇಲೆ ಹಾಕಿದೆ ಅಷ್ಟೇ. ಹಾಕಲು ಬೇರೆ ಜಾಗ ಸಿಗಲಿಲ್ಲ.

ಈಗ ಹೇಳು, ಆಪರೇಷನ್‌ಗೆ ಹೇಗೆ ಹೋಗಲಿ? ಮತ್ತೆ ತೆಗೆಯುತ್ತಾರೆ. ಮತ್ತೆ ಎಚ್ಚರವಾಗುತ್ತದೆ. ಮತ್ತೆ ಏನೂ ಅನ್ನಿಸದಿದ್ದರೆ? ಆಗ ನಾನು ಬೆಳಗ್ಗೆ ನಾಲ್ಕೂವರೆಗೆ ಎದ್ದದ್ದು, ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡದ್ದು, ನಿಮ್ಮನ್ನೆಲ್ಲ ಹಸಿದು ಕಾಯಿಸಿದ್ದು, ಎಲ್ಲ ಬರೀ ರೂಢಿಯಾಗಿತ್ತು ಎಂದಾಗುತ್ತದೆ. ಇಷ್ಟು ವಯಸ್ಸಾದ ಮೇಲೆ ಅದನ್ನು ತಿಳಿದುಕೊಂಡು ನಾನು ಏನು ಮಾಡಲಿ? ಲಿಂಗ ಎದೆ ಮೇಲೆ ಇರುವಾಗಲೇ ಹೋಗಿಬಿಟ್ಟರೆ, ಒಳ್ಳೆಯ ಭಕ್ತ ಎಂದು ಅಂಗೈಯಲ್ಲಿ ಅದನ್ನಿಟ್ಟು ಮಣ್ಣು ಮಾಡುತ್ತಾರೆ. ನನ್ನನ್ನೇ ನಾನು ಕೇಳಿಕೊಳ್ಳುವ ಕೆಲಸವಿರುವುದಿಲ್ಲ.

ಇದನ್ನು ಓದಿ ನಗುವುದಾದರೆ ನಗು. ನಿನಗೆ ಆ ಹಕ್ಕಿದೆ.

ಆಶೀರ್ವಾದಗಳೊಂದಿಗೆ,
ಶಿವಮೂರ್ತಪ್ಪ


ಭಾನುವಳ್ಳಿ
15 ಅಕ್ಟೋಬರ್ 2024

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ವಾಣಿ ಮಾಡುವ ಶರಣು ಶರಣಾರ್ಥಿಗಳು.

ನಗಲಿಲ್ಲ. ದಸರಾ ರಜೆ, ಮನೆಯಲ್ಲೇ ಇದ್ದೆ. ಹಿತ್ತಲಲ್ಲಿ ಕೂತು ಓದಿದೆ, ಯೋಗರಾಜ ಗದ್ದೆಯಿಂದ ಬಂದವನು ಏನಾಯಿತು ಎಂದು ಕೇಳಿದ. ಅವನ ಕೈಗೆ ಕಾಗದ ಕೊಟ್ಟೆ. ಓದಿ, ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಇದಕ್ಕೆ ಬೇಗ ಬರಿ ಎಂದಷ್ಟೇ ಹೇಳಿದ.

ನೀವು ಹೇಳಿದ್ದೀರಿ, ನಾನೂ ಹೇಳುತ್ತೇನೆ. ಅವತ್ತು ಕರಡಿಗೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟರು. ಚೀಲವನ್ನು ಬೆಂಚಿನ ಮೇಲೆ ಇಡಲು ಮನಸ್ಸಾಗಲಿಲ್ಲ, ಕೈಚೀಲಕ್ಕೆ ಹಾಕಲೂ ಆಗಲಿಲ್ಲ. ಕತ್ತರಿಸಿದ ದಾರಕ್ಕೆ ಗಂಟು ಹಾಕಿ ನನ್ನ ಕೊರಳಿಗೇ ಹಾಕಿಕೊಂಡೆ. ಬೆಳ್ಳಿ ಇನ್ನೂ ಬೆಚ್ಚಗಿತ್ತು, ಅದು ನಿಮ್ಮ ಮೈಯ ಬಿಸಿ. ಬೇರೆಯವರ ಲಿಂಗ ಧರಿಸಬಾರದು ಎಂದು ನನಗೆ ಚೆನ್ನಾಗಿ ಗೊತ್ತು, ನೀವೇ ಕಲಿಸಿದ್ದು. ಎರಡು ದಿನ ತೆಗೆಯಲಿಲ್ಲ. ಒಂದು ಮಂತ್ರವೂ ನೆನಪಿಗೆ ಬರಲಿಲ್ಲ. ಐಸಿಯು ಬಾಗಿಲಿನ ಎದುರು ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು, ಅವರನ್ನು ಕರೆದುಕೊಂಡು ಹೋಗಬೇಡ, ಹೋದರೆ ನಿನ್ನ ಮುಖ ನೋಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೆ. ಅದು ಪೂಜೆಯೋ ಜಗಳವೋ ನನಗೆ ಗೊತ್ತಿಲ್ಲ. ಹೊಳೆಗೆ ಬಿಡಲಾರದೆ ವಾಪಸ್ಸು ಬಂದದ್ದು ಸಿಟ್ಟಿಗಾಗಿ ಮಾತ್ರವಲ್ಲ.

ಇನ್ನೊಂದು ಸಂಗತಿ. ಐಸಿಯುನಲ್ಲಿ ನಿಮ್ಮ ಪಕ್ಕದ ಹಾಸಿಗೆಯಲ್ಲಿ ಮಸ್ತಾನಸಾಬ್ ಎಂಬುವರಿದ್ದರು, ನೆನಪಿದೆಯೋ ಇಲ್ಲವೋ. ಹರಿಹರದ ಬಸ್ ನಿಲ್ದಾಣದ ಎದುರು ಬಾಳೆಹಣ್ಣಿನ ಗಾಡಿ ಅವರದು. ಹೋದ ತಿಂಗಳು ನನ್ನ ಗುರುತು ಹಿಡಿದು ಕರೆದರು. ಕೈಗೆ ಒಂದು ಚಿಪ್ಪು ಹಣ್ಣು ತುರುಕಿದರು.

"ನಿಮ್ಮಪ್ಪಾರು ಹೆಂಗದಾರ್ರಿ? ಅವತ್ತು ಅವ್ರಿಗೆ ಗಂಜಿ ಬಂತು, ನಂಗೆ ಬರ್ಲಿಲ್ಲ. ಕಣ್ಣು ಸರಿಯಾಗಿ ಬಿಟ್ಟಿರ್ಲಿಲ್ಲ ಅವ್ರು. ಪಕ್ಕದೋರಿಗೆ ಬರ್ಲಿ, ಆಮ್ಯಾಲೆ ನಾ ಕುಡೀತೀನಿ ಅಂದ್ರು. ನರ್ಸಮ್ಮ ಬೈದ್ರೂ ಬಾಯಿ ತೆಗೀಲಿಲ್ಲ. ನಂದು ಬಂದ ಮ್ಯಾಲೇ ಕುಡಿದ್ರು. ಮಾರನೆ ದಿನಾನೂ ಹಂಗೇ."

ಆಗ ನಾನು ಹಣ್ಣು ತೆಗೆದುಕೊಂಡು ಬಸ್ಸು ಹತ್ತಿದೆ, ಹೆಚ್ಚು ಯೋಚಿಸಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಅದು ನೆನಪಾಗಿ ಎದ್ದು ನಿಂತೆ. ಮಂಡಿಯಲ್ಲೂ ನೀವು ಹೀಗೇ ಅಲ್ಲವೇ? ಹಮಾಲರದು ಊಟ ಆಯಿತಾ ಎಂದು ಕೇಳದೆ ಬುತ್ತಿ ಬಿಚ್ಚುತ್ತಿರಲಿಲ್ಲ. ಅವ್ವ ಅದಕ್ಕೆ ರೇಗುತ್ತಿದ್ದಳು. ಪೂಜೆ ಮರೆತಿರಿ ಅಪ್ಪಾಜಿ. ಲಿಂಗ ಮರೆತಿರಿ. ಉಪ್ಪಿನಕಾಯಿ ಕೇಳಿದಿರಿ. ಪಕ್ಕದವನ ಹಸಿವು ಮಾತ್ರ ಮರೆಯಲಿಲ್ಲ, ಅದೂ ಅರ್ಧ ಪ್ರಜ್ಞೆಯಲ್ಲಿ. ಅದು ಎಲ್ಲಿಂದ ಬಂತು? ಬೆಳಗ್ಗೆ ನಾಲ್ಕೂವರೆಗೆ ಎದ್ದವರಿಗೆಲ್ಲ ಅದು ಬರುವುದಿಲ್ಲ. ಕುಬೇರಪ್ಪ ಕಾಕನೂ ಅಷ್ಟೇ ಹೊತ್ತಿಗೆ ಏಳುತ್ತಾರೆ.

ನಿಮ್ಮನ್ನು ಸಮಾಧಾನ ಮಾಡಲು ಇದನ್ನು ಬರೆಯುತ್ತಿಲ್ಲ. ನೀವು ಅದೇ ಲಿಂಗದ ಮೇಲೆ ಕೈಯಿಟ್ಟು ನನ್ನನ್ನು ಹೊರಗೆ ಹಾಕಿದ್ದೂ ನಿಜ. ಎರಡನ್ನೂ ಮಾಡಿದವರು ನೀವೇ. ಹೋಗಿ ಎದೆ ತೆರೆಸಿಕೊಳ್ಳಿ. ಮತ್ತೆ ಎದ್ದು ಬಂದು, ಇದರಲ್ಲಿ ಯಾವುದನ್ನು ಇಟ್ಟುಕೊಳ್ಳುತ್ತೀರಿ ಎಂದು ನೀವೇ ತೀರ್ಮಾನ ಮಾಡಿ.

ನಿಮ್ಮ,
ವಾಣಿ


ಆಸ್ಪತ್ರೆಯಿಂದ, ದಾವಣಗೆರೆ
5 ನವೆಂಬರ್ 2024

ಚಿ. ಸೌ. ವಾಣಿಗೆ ಅಪ್ಪಾಜಿಯ ಆಶೀರ್ವಾದಗಳು.

ನಾಳೆ ಬೆಳಗ್ಗೆ ಆಪರೇಷನ್. ದೀಪಾವಳಿ ಕಳೆಯಲಿ ಎಂದು ಡಾಕ್ಟರೇ ಈ ದಿನ ಕೊಟ್ಟರು. ನಿನಗೆ ತಿಳಿಸಬೇಡ ಎಂದು ನಿನ್ನ ಅವ್ವನಿಗೆ ಹೇಳಿದ್ದೇನೆ. ಅವಳು ಇಷ್ಟರಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿಯೇ ಇರುತ್ತಾಳೆ.

ಸಂಜೆ ಕುಬೇರಪ್ಪ ಒಂದು ರೇಷ್ಮೆ ಪಟ್ಟಿ ತಂದಿದ್ದ. ತೋಳಿಗೆ ಕಟ್ಟಿಕೋ, ಡಾಕ್ಟರ ಜೊತೆ ನಾನು ಮಾತಾಡಿದ್ದೇನೆ ಎಂದ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ. ಬೇಡ ಎಂದೆ. ಹಂಗಾದ್ರೆ ಯಾರು ತೆಗೀತಾರೆ ಎಂದು ಕೇಳಿದ. ಹೋದ ಸಲ ಮಗಳು ತೆಗೆದಳು, ಈ ಸಲ ನಾನೇ ತೆಗೆಯುತ್ತೇನೆ ಎಂದೆ.

ಅವನೆದುರಿಗೇ ತೆಗೆದೆ. ಹೊಸ ದಾರ, ಗಂಟು ಬೇಗ ಬಿಚ್ಚಿತು. ನಿನ್ನ ಅವ್ವನ ಕೈಗೆ ಕೊಟ್ಟೆ. ಅವತ್ತು ಗೋಡೆ ಹಿಡಿದವಳು ಇವತ್ತು ಎರಡೂ ಕೈ ಒಡ್ಡಿದಳು. ಕುಬೇರಪ್ಪ ಕಣ್ಣು ಮುಚ್ಚಿಕೊಂಡ. ನಾನು ಮುಚ್ಚಲಿಲ್ಲ.

ಏನು ಅನ್ನಿಸಿತು ಎಂದು ನೀನು ಕೇಳುತ್ತೀಯ. ಭಯವಾಯಿತು. ಸುಳ್ಳು ಬರೆಯುವುದಿಲ್ಲ. ಅಷ್ಟರಲ್ಲಿ ಊಟದ ಗಾಡಿ ಬಂತು. ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗನಂಥವನಿದ್ದಾನೆ, ಗಾಡಿ ಅವನನ್ನು ದಾಟಿ ನನ್ನ ಹತ್ತಿರ ಬಂತು. ನೀನು ಬರೆದದ್ದು ನೆನಪಾಗಿ, ಈ ಸಲ ಕೇಳಬಾರದು, ಏನಾಗುತ್ತದೋ ನೋಡೋಣ ಎಂದು ಬೇಕೆಂದೇ ಬಾಯಿ ಬಿಗಿಹಿಡಿದು ಕೂತೆ. ಒಂದು ತುತ್ತು ಬಾಯಿಗೆ ಹಾಕಿದೆ. ನುಂಗಲಾಗಲಿಲ್ಲ. ಅವನಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿಯೇಬಿಟ್ಟೆ. ಗಾಡಿಯವಳು ಅವನಿಗೆ ಪಥ್ಯವಂತೆ, ಹಾಲು ಮಾತ್ರ, ಈಗ ತರುತ್ತೇನೆ ಎಂದಳು. ತಂದಳು. ಆಮೇಲೆ ಊಟ ಮಾಡಿದೆ.

ಹೋಗಿ ಬರುತ್ತೇನೆ.

ಅಪ್ಪಾಜಿ


ಆಸ್ಪತ್ರೆಯಿಂದ, ದಾವಣಗೆರೆ
13 ನವೆಂಬರ್ 2024

ಚಿ. ಸೌ. ವಾಣಿ,

ಅಕ್ಷರ ಸೊಟ್ಟಗಿದೆ. ಎದೆಯ ಹೊಲಿಗೆ ಜಗ್ಗುತ್ತದೆ, ನಾಲ್ಕು ಸಾಲಿಗೊಮ್ಮೆ ನಿಲ್ಲಿಸುತ್ತೇನೆ.

ಇವತ್ತು ವಾರ್ಡಿಗೆ ತಂದರು. ಬೆಳಗ್ಗೆ ಕಾಫಿ ಕೊಟ್ಟರು. ನಿನ್ನ ಅವ್ವ ಲೋಟವನ್ನು ಅತ್ತ ಸರಿಸಿ ವಿಭೂತಿ ಹುಡುಕಲು ಹೋದಳು. ಅವಳು ಬರುವುದರೊಳಗೆ ಕುಡಿದು ಮುಗಿಸಿದ್ದೆ. ಬಿಸಿ ಕಾಫಿ ಇಷ್ಟು ಚೆನ್ನಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ, ನನ್ನ ಪೂಜೆ ಮುಗಿಯುವ ಹೊತ್ತಿಗೆ ಮನೆಯಲ್ಲಿ ಅದು ಯಾವಾಗಲೂ ಆರಿರುತ್ತಿತ್ತು. ಕುಬೇರಪ್ಪ ನೋಡಿದ. "ಏನೋ ಇದು, ಲಿಂಗಪೂಜೆ ಆಗ್ಲಿಲ್ಲ" ಎಂದ. ಆಮೇಲೆ ಮಾಡುತ್ತೇನೆ ಎಂದೆ. ಮಾಡುತ್ತೇನೆ ಕೂಡ. ಪೂಜೆ ಬಿಟ್ಟೆ ಎಂದು ನೀನು ಗೆದ್ದವಳಂತೆ ಬೀಗಬೇಡ. ನನಗೆ ಅದು ಬೇಕು, ಹೆದರಿಕೆಗೆ ಬೇಡ ಅಷ್ಟೇ.

ಆದರೆ ಹೊಸ ಲಿಂಗ ಒಗ್ಗುತ್ತಿಲ್ಲ. ಹಳೆಯದು ಬೇಕು. ನಿನ್ನ ಕೊರಳಿನಲ್ಲಿದ್ದದ್ದು, ನಿನ್ನ ಜೊತೆ ಹೊಳೆಯವರೆಗೆ ಹೋಗಿ ಬಂದದ್ದು, ರಂಗವ್ವನವರ ಹಾಲು ಉಂಡದ್ದು, ಅದೇ ಬೇಕು. ಶುದ್ಧಿ ಮಾಡಿಸಬೇಕು ಎಂದು ಕುಬೇರಪ್ಪ ಹೇಳುತ್ತಾನೆ. ಆ ಕುಂಕುಮ ಒರೆಸಬೇಡ, ಹಾಗೇ ಕೊಡು. ರಂಗವ್ವನವರಿಗೆ ಹೇಳು, ಬೀಗರ ದೇವರನ್ನು ಇಷ್ಟು ದಿನ ನೋಡಿಕೊಂಡಿರಿ, ಬೀಗರೂ ಬರುತ್ತಾರೆ, ನಡೆಯಲು ಬಂದ ಮೊದಲ ದಿನ.

ಆಣೆಯ ವಿಚಾರ. ಅದನ್ನು ಮಾಡಿದ್ದು ತಪ್ಪು. ಸಿಟ್ಟು ನನ್ನದು, ಅದಕ್ಕೆ ದೇವರ ಕೈ ಹಿಡಿದುಕೊಂಡೆ. ಅಯ್ಯನವರನ್ನು ಕೇಳಿಲ್ಲ, ಯಾವ ಪ್ರಾಯಶ್ಚಿತ್ತವೂ ಇಲ್ಲ. ಪಾಪ ಬರುವುದಿದ್ದರೆ ನನಗೆ ಬರಲಿ.

ನೀನು ವಾರದಿಂದ ಬಾಗಿಲಿನಾಚೆ ಬೆಂಚಿನ ಮೇಲೆ ಕೂತಿದ್ದೀಯ ಎಂದು ನಿನ್ನ ಅವ್ವ ಈಗ ತಾನೆ ಹೇಳಿದಳು. ಯೋಗರಾಜ ಗೇಟಿನ ಹತ್ತಿರ ಬೈಕಿನ ಮೇಲಿದ್ದಾನಂತೆ. ಅವನನ್ನು ಕರೆಯಲು ನಾಗಭೂಷಣನನ್ನು ಕಳಿಸಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಯಾರ ಕೈಯಲ್ಲೂ ಕಳಿಸುವುದಿಲ್ಲ. ನಾನೇ ಓದುತ್ತೇನೆ, ಕುಬೇರಪ್ಪನ ಎದುರಿಗೆ, ಇಡೀ ವಾರ್ಡಿಗೆ ಕೇಳುವ ಹಾಗೆ. ಮೊದಲ ಮಾತು ಯಾವುದಿರಬೇಕು ಎಂದು ಬೆಳಗ್ಗೆಯಿಂದ ಯೋಚಿಸಿದೆ. ಬೇರೆ ಏನೂ ಹೊಳೆಯಲಿಲ್ಲ.

ಊಟ ಆಯ್ತೇನವ್ವ? ಒಳಗೆ ಬಾ.